ಕುರ್ಚಿಯಿಲ್ಲದ ಮನೆ

ನಮ್ಮ ಮನೆಯಲ್ಲಿ ಕುರ್ಚಿ ಇರಲಿಲ್ಲ. ಅಜ್ಜನ ಕಾಲದಲ್ಲಿ ಇದ್ದವು, ಅಪ್ಪ ತೆಗೆಸಿದ. ಎರಡು ಬೆತ್ತದ ಕುರ್ಚಿ, ಕೈಯೂರಲು ಉದ್ದನೆಯ ಪಟ್ಟಿಗಳಿದ್ದ ಒಂದು ಆರಾಮ ಕುರ್ಚಿ, ತಹಶೀಲ್ದಾರರು ಬಂದಾಗಷ್ಟೇ ಹೊರಗೆ ತರುತ್ತಿದ್ದ ಇನ್ನೊಂದು. ಎಲ್ಲವನ್ನೂ ಅಟ್ಟಕ್ಕೆ ಏರಿಸಿ, ಇನ್ನು ಮುಂದೆ ಈ ವಾಡೆಯಲ್ಲಿ ಗೌಡನೂ ನೆಲದ ಮೇಲೆ, ಕೂಲಿಯವನೂ ನೆಲದ ಮೇಲೆ ಎಂದು ಸಾರಿದ. ತಿರ್ಲಾಪುರದ ಸುತ್ತಿನ ಹಳ್ಳಿಗಳಲ್ಲಿ ಈ ಸುದ್ದಿ ಬಹಳ ದಿನ ಓಡಾಡಿತು. ನಾನು ಹುಟ್ಟುವ ಮೊದಲಿನ ಮಾತಿದು. ನನಗೆ ಬುದ್ಧಿ ಬರುವ ಹೊತ್ತಿಗೆ ಅದು ನಮ್ಮ ಮನೆಯ ಹೆಸರೇ ಆಗಿತ್ತು. ಧಾರವಾಡದಿಂದ ಜುಬ್ಬಾ ತೊಟ್ಟ ಪ್ರೊಫೆಸರರೊಬ್ಬರು ಬಂದು, ಎರಡು ದಿನ ಉಂಡು, ಪತ್ರಿಕೆಯಲ್ಲಿ ನಮ್ಮ ಮನೆಯ ಬಗ್ಗೆ ಅರ್ಧ ಪುಟ ಬರೆದರು. ‘ಕುರ್ಚಿಯಿಲ್ಲದ ಮನೆ’ ಎಂಬುದೇ ಅದರ ತಲೆಬರಹ. ಅಪ್ಪ ಅದನ್ನು ಗಾಜು ಹಾಕಿಸಿ ಪಡಸಾಲೆಯ ಕಂಬಕ್ಕೆ ತೂಗುಹಾಕಿದ್ದ.

ಪ್ರೊಫೆಸರರು ಬರೆಯದೆ ಬಿಟ್ಟ ಒಂದು ಸಂಗತಿ ಇದೆ. ನಮ್ಮ ಮನೆಯ ನೆಲ ಎರಡಿತ್ತು. ಆ ಕಡೆಯ ಮಣ್ಣಿನ ಮಾಳಿಗೆಯ ಮೇಲ್ಮುದ್ದೆ ಮನೆಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ತಲಬಾಗಿಲು ದಾಟಿದರೆ ಮೊದಲು ಕೆಳಗಿನ ನೆಲ. ಒಂದು ಮಗ್ಗುಲಿಗೆ ಗೋದಲಿ, ಎತ್ತುಗಳು, ಎರಡು ಎಮ್ಮೆ. ಅಲ್ಲಿಂದ ಆಳಿನ ಸೊಂಟದಷ್ಟು ಎತ್ತರಕ್ಕೆ ಕಟ್ಟೆ, ಕಟ್ಟೆಯ ಮೇಲೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ದೇವರ ಕೋಣೆ. ಅಪ್ಪ ಮೇಲಿನ ನೆಲದ ಮೇಲೆ ಜಮಖಾನೆ ಹಾಸಿಕೊಂಡು ಕೂರುತ್ತಿದ್ದ. ಕೂಲಿಯವರು ಕೆಳಗಿನ ನೆಲದ ಮೇಲೆ ಕೂರುತ್ತಿದ್ದರು. ಎಲ್ಲರೂ ನೆಲದ ಮೇಲೆಯೇ. ಪ್ರೊಫೆಸರರಿಗೂ ಜಮಖಾನೆಯ ಮೇಲೇ ಜಾಗ ಸಿಕ್ಕಿದ್ದರಿಂದ, ಅಲ್ಲಿಂದ ನೋಡಿದಾಗ ಕೆಳಗಿನದೂ ನೆಲವಾಗಿಯೇ ಕಂಡಿರಬೇಕು. ಆಮೇಲೆ ನಾನೇ ಪತ್ರಿಕೆಯ ಡೆಸ್ಕಿನಲ್ಲಿ ಕೂತು ಇಂಥ ಲೇಖನಗಳನ್ನು ತಿದ್ದತೊಡಗಿದಾಗ ಅವು ಹುಟ್ಟುವ ಬಗೆ ತಿಳಿಯಿತು. ಊಟ ಚೆನ್ನಾಗಿರಬೇಕು, ಸಂಜೆಯ ಬಸ್ಸು ತಪ್ಪಬಾರದು, ಮನೆಯ ಯಜಮಾನ ವಚನಗಳನ್ನು ಬಾಯಿಪಾಠ ಹೇಳಬೇಕು. ಅಪ್ಪನಲ್ಲಿ ಮೂರಕ್ಕೂ ಕೊರತೆ ಇರಲಿಲ್ಲ.

ಊಟದ ವ್ಯವಸ್ಥೆಯೂ ಇದೇ ತರಹ. ದೊಡ್ಡ ಊಟವಿದ್ದ ದಿನ ಎಲ್ಲರಿಗೂ ಮುತ್ತಲ ಎಲೆಯ ಪತ್ರಾವಳಿ. ಅಪ್ಪನಿಗೂ ಅದೇ, ಪ್ರೊಫೆಸರರಿಗೂ ಅದೇ, ಕೆಳಗೆ ಕೂತವರಿಗೂ ಅದೇ. ಒಂದೇ ಬುಟ್ಟಿಯ ರೊಟ್ಟಿ, ಒಂದೇ ಪಾತ್ರೆಯ ಎಣ್ಣೆಗಾಯಿ, ಒಂದೇ ಕೆಂಪಿಂಡಿ ಚಟ್ನಿ. ತಾಟಿನಲ್ಲಿ ಭೇದವಿಲ್ಲ ನೋಡಿ ಎಂದು ಅಪ್ಪ ಅತಿಥಿಗಳಿಗೆ ತೋರಿಸುತ್ತಿದ್ದ. ಪತ್ರಾವಳಿಯನ್ನು ಉಂಡು ಎಸೆಯುತ್ತಾರೆ. ಯಾರ ತಾಟನ್ನು ಯಾರು ತೊಳೆಯಬೇಕು, ತೊಳೆದದ್ದನ್ನು ಎಲ್ಲಿ ಇಡಬೇಕು ಎಂಬ ಪ್ರಶ್ನೆಯೇ ಏಳುವುದಿಲ್ಲ. ಆ ಪ್ರಶ್ನೆ ಏಳದ ಹಾಗೆ ನೋಡಿಕೊಂಡದ್ದನ್ನೇ ಅಪ್ಪ ಸಮಾನತೆ ಎನ್ನುತ್ತಿದ್ದ. ಮರುದಿನ ಬೆಳಗ್ಗೆ ಅವನು ಎಂದಿನಂತೆ ತನ್ನ ಹಿತ್ತಾಳೆಯ ಗಂಗಾಳದಲ್ಲಿ ಉಣ್ಣುತ್ತಿದ್ದ.

ಅವ್ವ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಅವಳು ಸಮಾನತೆಯ ಮಾತು ಆಡುತ್ತಿರಲಿಲ್ಲ. ಹಿತ್ತಲಾಚೆಯ ದಲಿತರ ಓಣಿಯವರು ಬಂದು ಹೋದ ಮೇಲೆ ಕೆಳಗಿನ ನೆಲವನ್ನು ಸೆಗಣಿ ಹಾಕಿ ಸಾರಿಸಲು ಹೇಳುತ್ತಿದ್ದಳು. ಅದು ಅವಳ ತಾಯಿ ಮಾಡಿದ್ದು, ಅತ್ತೆ ಮಾಡಿದ್ದು. ಅವಳು ಮುಂದುವರಿಸಿದಳು, ಯಾರಿಂದಲೂ ಮುಚ್ಚಿಡಲಿಲ್ಲ. ಅಪ್ಪ ಅದನ್ನು ನಿಲ್ಲಿಸಲಿಲ್ಲ. ಹೊತ್ತನ್ನಷ್ಟೇ ಬದಲಿಸಿದ. ಧಾರವಾಡದ ಅತಿಥಿಗಳಿದ್ದ ದಿನ ಅಡುಗೆಮನೆಯ ಬಾಗಿಲಿಗೆ ಬಂದು ದನಿ ತಗ್ಗಿಸಿ ಹೇಳುತ್ತಿದ್ದ:

“ಪ್ರೊಫೆಸರು ಬಸ್ ಹತ್ತಿದ ಮ್ಯಾಲ ಸಾರಸು.”

ಒಮ್ಮೆ ಅವ್ವ ರೊಟ್ಟಿ ಬಡಿಯುತ್ತಲೇ ಕೇಳಿದ್ದು ನನಗೆ ನೆನಪಿದೆ.

“ಕುರ್ಚಿ ತಗಸೀರಿ, ಭಾಳ ಚೊಲೊ ಆತು. ಈ ಕಟ್ಟಿ ಯಾವಾಗ ತಗಸ್ತೀರಿ?”

“ಕಟ್ಟಿ ತಗದ್ರ ಮನಿ ಬೀಳತೈತಿ, ಹುಚ್ಚಿ.”

ಅಪ್ಪ ಹೇಳಿದ್ದು ಕಟ್ಟೆಯ ಮೇಲೆ ನಿಂತ ಗೋಡೆಯ ಬಗ್ಗೆ.

ಇಂಥ ಮನೆಯಲ್ಲಿ ನನಗೊಂದು ಕೆಲಸವಿತ್ತು. ನನ್ನ ಅಕ್ಷರ ಚಂದವಾಗಿತ್ತು. ಹತ್ತನೆಯ ವಯಸ್ಸಿಗೇ ಅಪ್ಪ ನನ್ನ ಕೈಗೆ ಪಂಚಾಯತಿ ಸಭೆಯ ನಿರ್ಣಯಗಳನ್ನು ಬರೆಯುವ ಠರಾವು ಬುಕ್ಕು ಕೊಟ್ಟ. ಕೆಂಪು ಬಟ್ಟೆಯ ಹೊದಿಕೆ, ಗೆರೆ ಹಾಕಿದ ದಪ್ಪ ಹಾಳೆ. ಪಂಚಾಯತಿಗೆ ತನ್ನದೇ ಕಟ್ಟಡವಿತ್ತು, ಸರಕಾರ ಕಟ್ಟಿಸಿಕೊಟ್ಟದ್ದು. ಅದರೊಳಗೆ ನಮ್ಮ ಕಡಲೆಯ ಚೀಲಗಳಿದ್ದವು. ಸಭೆ ನಡೆಯುತ್ತಿದ್ದುದು ನಮ್ಮ ಪಡಸಾಲೆಯಲ್ಲಿ. ಅಪ್ಪ ಪಂಚಾಯತಿಯ ಸದಸ್ಯನೂ ಆಗಿರಲಿಲ್ಲ. ಅಧಿಕಾರದ ಆಸೆ ತನಗಿಲ್ಲ ಎಂದು ಹೇಳಿಕೊಳ್ಳುತ್ತಿದ್ದ. ಸದಸ್ಯರು ಬಂದು ಕೂರುವ ಮೊದಲೇ ಆ ದಿನದ ಠರಾವುಗಳನ್ನು ಅವನು ಹೇಳುತ್ತಿದ್ದ, ನಾನು ಬರೆಯುತ್ತಿದ್ದೆ. ಪ್ರತಿಯೊಂದೂ ‘ಸರ್ವಾನುಮತದಿಂದ ಠರಾಯಿಸಲಾಯಿತು’ ಎಂದು ಮುಗಿಯುತ್ತಿತ್ತು. ಆಮೇಲೆ ಸಭೆ ನಡೆಯುತ್ತಿತ್ತು, ಸಹಿಗಳಾಗುತ್ತಿದ್ದವು, ಹೆಬ್ಬೆಟ್ಟುಗಳಾಗುತ್ತಿದ್ದವು. ಪಂಚಾಯತಿಯ ಕಾರ್ಯದರ್ಶಿ ನಮ್ಮ ಬುಕ್ಕಿನಿಂದ ಸರಕಾರಿ ಬುಕ್ಕಿಗೆ ನಕಲು ಮಾಡಿಕೊಳ್ಳುತ್ತಿದ್ದ. ನಡೆಯುವ ಮೊದಲೇ ವರದಿ ಬರೆಯುವ ವಿದ್ಯೆಯನ್ನು ನಾನು ಕಲಿತದ್ದು ಪತ್ರಿಕಾಲಯದಲ್ಲಿ ಅಲ್ಲ.

ಊರಿನ ಇನ್ನೊಂದು ಹೆಮ್ಮೆ ಎಂದರೆ ಪಂಚಾಯತಿಗೆ ಎಂದೂ ಮತದಾನ ಆಗದಿದ್ದುದು. ಪ್ರತಿ ಜಾಗಕ್ಕೂ ಒಂದೇ ಹೆಸರು, ಎಲ್ಲವೂ ಅವಿರೋಧ. ಹೆಸರುಗಳು ತೀರ್ಮಾನವಾಗುತ್ತಿದ್ದುದು ನಮ್ಮ ಮನೆಯಲ್ಲಿ, ಹೋಳಿಗೆಯ ಊಟದ ಮೇಲೆ. ಬೇರೆ ಊರುಗಳಲ್ಲಿ ಚುನಾವಣೆಯ ಮರುದಿನ ತಲೆ ಒಡೆದುಕೊಳ್ಳುತ್ತಾರೆ, ನಮ್ಮಲ್ಲಿ ಒಬ್ಬರೂ ಇನ್ನೊಬ್ಬರ ಮೇಲೆ ಕೈ ಎತ್ತುವುದಿಲ್ಲ ಎಂದು ಅಪ್ಪ ಅತಿಥಿಗಳಿಗೆ ಹೇಳುತ್ತಿದ್ದ. ಅದು ನಿಜ. ಕೈ ಎತ್ತುವ ಸಂದರ್ಭವೇ ಯಾರಿಗೂ ಬರುತ್ತಿರಲಿಲ್ಲ, ಮತ ಕೊಡಲು ಕೂಡ. ಪ್ರೊಫೆಸರರು ಇದನ್ನು ‘ಒಮ್ಮತದ ಪ್ರಜಾಪ್ರಭುತ್ವ’ ಎಂದು ಕರೆದಿದ್ದರು. ಅಪ್ಪನಿಗೆ ಆ ಮಾತು ಬಹಳ ಹಿಡಿಸಿತ್ತು.

ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಬಂದ ಚುನಾವಣೆಯಲ್ಲಿ ನಮ್ಮ ವಾರ್ಡು ಪರಿಶಿಷ್ಟ ಜಾತಿಯ ಮಹಿಳೆಗೆ ಮೀಸಲಾಯಿತು. ಆ ಸಲ ಅಧ್ಯಕ್ಷ ಸ್ಥಾನವೂ ಅದೇ ಮೀಸಲು, ಅಂಥ ಜಾಗವಿದ್ದುದು ನಮ್ಮ ವಾರ್ಡಿನಲ್ಲಿ ಮಾತ್ರ. ಅಂದರೆ ನಮ್ಮ ವಾರ್ಡಿನಲ್ಲಿ ಗೆದ್ದವಳೇ ಅಧ್ಯಕ್ಷೆ. ಅಪ್ಪ ಸ್ವಲ್ಪವೂ ಗಲಿಬಿಲಿಗೊಳ್ಳಲಿಲ್ಲ, ಖುಷಿಪಟ್ಟ. ಶರಣರ ಕನಸು ನಮ್ಮ ಊರಿನಲ್ಲಿ ನನಸಾಗುತ್ತದೆ ಎಂದ. ಹೋಳಿಗೆಯ ದಿನ ಹನಮವ್ವನ ಹೆಸರು ಹೇಳಿದ. ಹನಮವ್ವ ನಮ್ಮ ಗೋದಲಿಯ ಸೆಗಣಿ ಬಳಿಯುತ್ತಿದ್ದವಳು. ಬೆಳಗ್ಗೆ ಅಪ್ಪ ಕರೆದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. ಅದು ಏನೆಂದು ಅವಳಿಗೆ ಸಂಜೆಯವರೆಗೆ ಗೊತ್ತಿರಲಿಲ್ಲ. ಅವ್ವ ಹೇಳಿದಾಗ ಬುಟ್ಟಿ ಕೆಳಗಿಟ್ಟು ನಿಂತುಬಿಟ್ಟಳು.

“ಅಯ್ಯ, ಅಕ್ಕಾರ! ನಾ ರೇಷನ್ನಿಂದು ಅನ್ಕೊಂಡಿದ್ನೆಲ್ರಿ!”

“ರೇಷನ್ನಿಂದಲ್ಲಬೇ, ಅಧ್ಯಕ್ಷಿ ಆಗ್ತಿ ನೀ.”

“ಮತ್ತ ಸೆಗಣಿ ಯಾರು ಬಳೀತಾರ್ರಿ?”

“ನೀನ.”

ಇದನ್ನು ಅವ್ವ ನಗುತ್ತ ಹೇಳಲಿಲ್ಲ.

ಎಲ್ಲ ಸರಿಯಾಗಿತ್ತು. ಅಷ್ಟರಲ್ಲಿ ಕಮಲವ್ವ ನಾಮಪತ್ರ ಹಾಕಿಬಂದಳು. ಕಮಲವ್ವನದು ಬೌದ್ಧರ ಮನೆ. ಒಳಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ನೀಲಿ ಕೋಟಿನವರ ಪಟ. ಆಗ ಅವಳಿಗೆ ಮೂವತ್ತರ ಆಸುಪಾಸು. ಹತ್ತಿ ಬಿಡಿಸಲು ನಮ್ಮ ಹೊಲಕ್ಕೂ ಬರುತ್ತಿದ್ದಳು, ಬೇಡವೆನಿಸಿದಾಗ ಬರುತ್ತಿರಲಿಲ್ಲ. ಅವಳ ಗಂಡ ಅಣ್ಣಿಗೇರಿಯ ಕಡೆ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಅವಳ ಧೈರ್ಯ ಎಲ್ಲಿಂದ ಬಂತು ಎಂದು ಊರು ವಾರಗಟ್ಟಲೆ ತಲೆ ಕೆಡಿಸಿಕೊಂಡಿತು. ಅಪ್ಪ, ತಾನು ಊರಿಗೆ ತರಿಸಿದ ಶಾಲೆಯಿಂದ ಬಂತು ಎಂದ. ನನ್ನ ಲೆಕ್ಕದಲ್ಲಿ ಅದು ತಿಂಗಳ ಮೊದಲನೆಯ ದಿನ ಬರುವ ಪಗಾರದಿಂದ ಬಂತು. ಅವಳ ಒಲೆ ನಮ್ಮ ಹೊಲದ ಮೇಲೆ ನಿಂತಿರಲಿಲ್ಲ.

ಅವಳಿಗೆ ಬೇಕಾಗಿದ್ದುದು ಒಂದು ನಳ. ಊರಿಗೆ ನೀರಿನ ಪೈಪು ಬಂದು ಎರಡು ವರ್ಷವಾಗಿತ್ತು. ಅದು ಓಣಿ ಓಣಿ ತಿರುಗಿ ನಮ್ಮ ಹಿತ್ತಲ ಗೋಡೆಯ ಮೂಲೆಗೆ ಬಂದು ನಿಂತಿತ್ತು. ಆ ಗೋಡೆಯಾಚೆ ಕಮಲವ್ವನ ಓಣಿ. ಅಲ್ಲಿಯವರು ಕೊಡ ಹೊತ್ತು ಕೆರೆಗೆ ಹೋಗಿ, ಬೇರೆಯವರು ತುಂಬಿಕೊಡುವವರೆಗೆ ದಂಡೆಯ ಮೇಲೆ ಕಾಯಬೇಕಿತ್ತು. ಕಮಲವ್ವ ಎರಡು ಸಲ ಸಭೆಗೆ ಬಂದು ಕೆಳಗಿನ ನೆಲದ ಮೇಲೆ ನಿಂತು ನಳ ಕೇಳಿದ್ದಳು. ಎರಡೂ ಸಲ ನಾನು ಬರೆದಿದ್ದೆ: ‘ಸದರಿ ವಿಷಯವನ್ನು ಸರ್ವಾನುಮತದಿಂದ ಮುಂದೂಡಲಾಯಿತು.’ ಮೂರನೆಯ ಸಲ ಅವಳು ಕೇಳಲು ಬರಲಿಲ್ಲ, ಚುನಾವಣೆಗೆ ನಿಂತಳು.

ನಾಮಪತ್ರ ಹಿಂದೆಗೆದುಕೊಳ್ಳಲು ಕೊನೆಯ ದಿನದ ಹಿಂದಿನ ಸಂಜೆ ಅಪ್ಪ ಅವಳನ್ನು ಕರೆಸಿದ. ಊರಿನ ಹಿರಿಯರೂ ಬಂದರು. ಅವರು ಬರುವ ಮೊದಲೇ ಅಪ್ಪ ಹೇಳಿಬರೆಸಿದ್ದ: ‘ಶ್ರೀಮತಿ ಕಮಲವ್ವ ಇವರು ಊರಿನ ಹಿತವನ್ನು ಲಕ್ಷ್ಯದಲ್ಲಿಟ್ಟು ತಮ್ಮ ಉಮೇದುವಾರಿಕೆಯನ್ನು ಸ್ವಖುಷಿಯಿಂದ ಹಿಂದಕ್ಕೆ ಪಡೆದರೆಂದು ಸರ್ವಾನುಮತದಿಂದ ಠರಾಯಿಸಲಾಯಿತು.’ ಹೊಸ ಮಸಿ, ಹೊಸ ನಿಬ್ಬು. ಪುಟ ನೋಡಲು ಬಹಳ ಚಂದ ಬಂದಿತ್ತು. ನಾನು ಮೇಲಿನ ನೆಲದ ಅಂಚಿಗೆ ಕೂತಿದ್ದೆ. ಕಮಲವ್ವ ಕೆಳಗೆ ನಿಂತಿದ್ದಳು. ಅವಳ ತಲೆ ನನ್ನ ತಲೆಯ ಸಮಕ್ಕೆ ಬರುತ್ತಿತ್ತು.

“ಕುಂದ್ರವಾ ಕಮಲವ್ವ. ನಮ್ಮ ಮನ್ಯಾಗ ಎಲ್ಲಾರೂ ನೆಲದ ಮ್ಯಾಲ,” ಅಂದ ಅಪ್ಪ.

“ನಿಂದ್ರತೀನ್ರಿ.”

“ನೋಡು, ಎಲೆಕ್ಷನ್ ಅಂದ್ರ ಜಗಳಾ. ಊರಾಗ ಎರಡ ಪಾರ್ಟಿ ಆಗ್ತಾವು. ಹನಮವ್ವನೂ ನಿಮ್ಮ ಓಣ್ಯಾಕಿನ. ಆಕಿ ಆದ್ರೇನು, ನೀ ಆದ್ರೇನು?”

“ಯಾರಾದ್ರೂ ನಡೀತೈತಿ ಅಂದ್ರ ನಾನ ಆಗ್ತೀನಲ್ರಿ, ಗೌಡ್ರ.”

ಹಿರಿಯರಲ್ಲಿ ಒಬ್ಬರು ಕೆಮ್ಮಿದರು. ಅಪ್ಪ ಸಿಟ್ಟಾಗಲಿಲ್ಲ. ಅವನು ಯಾರ ಮೇಲೂ ಸಿಟ್ಟಾಗುತ್ತಿರಲಿಲ್ಲ. ಅದೂ ಅವನ ಹೆಗ್ಗಳಿಕೆಗಳಲ್ಲಿ ಒಂದು.

“ನಿನಗ ನಳ ಬೇಕು, ಹೌದಲ್ಲ? ಅದಕ್ಕ ಇಷ್ಟ್ಯಾಕ? ನನ್ನ ಕೇಳಬೇಕಿತ್ತು.”

“ಕೇಳೇನಲ್ರಿ, ಎರಡ ಸಲ. ಈ ಸಣ್ಣ ಅಕ್ಕಾರ ಕೈಯಾಗಿನ ಬುಕ್ಕಿನ್ಯಾಗ ಐತಿ ನೋಡ್ರಿ. ಮುಂದ ಹಾಕೇವಿ ಅಂತ ಬರದಾರ.” ಆಮೇಲೆ ನನ್ನ ಕಡೆ ತಿರುಗಿದಳು. “ಇವತ್ತ ಏನ ಬರದೀರಿ, ಅಕ್ಕಾರ? ಓದ್ರಿ.”

ನಾನು ಅಪ್ಪನ ಮುಖ ನೋಡಿದೆ. ಅವನು ಓದು ಎಂದು ಸನ್ನೆ ಮಾಡಿದ. ತನ್ನ ವಾಕ್ಯಗಳನ್ನು ಬೇರೆಯವರು ಗಟ್ಟಿಯಾಗಿ ಓದುವುದನ್ನು ಕೇಳಲು ಅವನಿಗೆ ಯಾವಾಗಲೂ ಇಷ್ಟ. ಓದಿದೆ. ಕಮಲವ್ವ ಕೊನೆಯವರೆಗೂ ಕೇಳಿದಳು.

“ನಾ ಏನೂ ಹಿಂದ ತಗೊಂಡಿಲ್ಲ. ತಗೊಳ್ಳಂಗೂ ಇಲ್ಲ. ಹಂಗಂತ ಬರೀರಿ.”

ಅವಳು ಅಷ್ಟು ಹೇಳಿ ಹೊರಟುಹೋದಳು. ಸಹಿ ಮಾಡಲಿಲ್ಲ. ನನ್ನ ಕೈಯಲ್ಲಿ ಪೆನ್ನು ಇತ್ತು. ಬರೆದದ್ದನ್ನು ಹೊಡೆದುಹಾಕಿ ಅವಳ ಮಾತು ಬರೆಯಬಹುದಿತ್ತು. ನನಗೆ ಅಪ್ಪನ ಭಯವಿರಲಿಲ್ಲ; ಅವನು ನನಗೆ ಒಮ್ಮೆಯೂ ಹೊಡೆದವನಲ್ಲ. ನಾನು ಹೊಡೆದುಹಾಕದಿದ್ದ ಕಾರಣ ಬೇರೆ. ಒಂದು ಗೆರೆ ಎಳೆದರೆ ಅಂಥ ಚಂದದ ಪುಟ ಕೆಡುತ್ತಿತ್ತು. ಹನ್ನೆರಡು ವರ್ಷದ ಹುಡುಗಿಗೆ ಇಷ್ಟು ಸಾಕು ಎಂದು ಬಿಟ್ಟುಬಿಡಬಹುದು. ದೊಡ್ಡವರಾದ ಮೇಲೂ ನಮ್ಮ ಕಡೆಯ ಮಂದಿ ಎಷ್ಟೋ ಅನ್ಯಾಯಗಳನ್ನು ಇದೇ ಕಾರಣಕ್ಕೆ ತಿದ್ದದೆ ಬಿಡುತ್ತಾರೆ. ಅದಕ್ಕೆ ಸಂಸ್ಕೃತಿ ಎಂಬ ಹೆಸರೂ ಇದೆ.

“ಆಕಿ ಸಹಿ?” ಎಂದು ಹಿರಿಯರೊಬ್ಬರು ಕೇಳಿದರು.

“ಊರ ಒಪ್ಪೇತಿ, ಒಬ್ಬಾಕಿ ಸಹಿ ಇಲ್ಲಂದ್ರೇನಾತು?” ಅಂದ ಅಪ್ಪ. ಉಳಿದವರೆಲ್ಲ ಸಹಿ ಮಾಡಿದರು. ಸರ್ವಾನುಮತವಾಯಿತು.

ಮರುದಿನ ಅಪ್ಪ ನಿಶ್ಚಿಂತೆಯಿಂದ ಉಂಡು ಮಲಗಿದ. ಸಂಜೆ ನಾಲ್ಕರ ಸುಮಾರಿಗೆ ಚುನಾವಣಾ ಅಧಿಕಾರಿ ಚಹಾಕ್ಕೆ ಬಂದರು. ಕಲಘಟಗಿ ಕಡೆಯ ಹೈಸ್ಕೂಲಿನ ಮಾಸ್ತರರು, ತೆಳ್ಳಗಿನ ಆಳು, ಆ ಕೆಲಸಕ್ಕೆಂದು ನೇಮಕವಾಗಿ ನಮ್ಮೂರಿನ ಶಾಲೆಯ ಕೋಣೆಯಲ್ಲಿ ಕೂತಿದ್ದವರು. ಜಮಖಾನೆಯ ಮೇಲೆ ಕೂತು, ಬಶಿಯಲ್ಲಿ ಚಹಾ ಆರಿಸಿಕೊಳ್ಳುತ್ತ ಹೇಳಿದರು:

“ಗೌಡ್ರ, ಹನಮವ್ವನ್ನ ಸಾಲಿಗೆ ಕಳಸ್ರಿ. ಚಿಹ್ನಿ ಹಂಚಬೇಕು.”

“ಚಿಹ್ನಿ ಯಾಕ್ರಿ ಮಾಸ್ತರ? ಒಬ್ಬಾಕಿನ ಅದಾಳಲ್ಲ.”

“ಇಬ್ರು ಅದಾರ್ರಿ. ಯಾರೂ ಹಿಂದ ತಗೊಂಡಿಲ್ಲ.”

ಅಪ್ಪ ನಕ್ಕು ನನ್ನನ್ನು ಕರೆದ. ನಾನು ಬುಕ್ಕು ತಂದು ಪುಟ ತೆರೆದುಕೊಟ್ಟೆ. ಮಾಸ್ತರರು ಕನ್ನಡಕ ಏರಿಸಿ ಮೊದಲಿನಿಂದ ಕೊನೆಯವರೆಗೆ ಓದಿದರು.

“ಅಕ್ಷರ ಭಾಳ ಚಂದ ಅದಾವ್ರಿ. ಆದ್ರ ಇದು ನಿಮ್ಮನಿ ಬುಕ್ಕು ಐತ್ರಿ, ಗೌಡ್ರ. ನನಗ ಫಾರ್ಮ್ ಬೇಕು. ಅದರ ಮ್ಯಾಲ ಆಕಿ ಸಹಿ ಬೇಕು. ಮೂರು ಗಂಟೆದೊಳಗ ನನ್ನ ಟೇಬಲ್ ಮ್ಯಾಲ ಬರಬೇಕಿತ್ತು.”

“ಹಂಗಂತ ಯಾರೂ ಹೇಳೇ ಇಲ್ಲಲ್ರಿ!”

“ಪಂಚಾಯ್ತಿ ಗ್ವಾಡಿಗೆ ನೋಟಿಸ್ ಹಚ್ಚೇನ್ರಿ. ನಾಕ ದಿನಾ ಆತು.”

ಅಪ್ಪನ ಮುಖವನ್ನು ನಾನು ಆಗ ನೋಡಿದೆ, ಈಗಲೂ ನೋಡಬಲ್ಲೆ. ಅವನಿಗೆ ಆಗಿದ್ದು ಅವಮಾನವಲ್ಲ, ಆಶ್ಚರ್ಯ. ನಾಮಪತ್ರ ಹಾಕಿಸುವುದು ಹೇಗೆಂದು ನಮ್ಮ ಮನೆಗೆ ಪಕ್ಕಾ ಗೊತ್ತಿತ್ತು. ಪ್ರತಿ ಸಲ ಹಾಕಿಸಿದ್ದೆವು. ಹಿಂದೆಗೆದುಕೊಳ್ಳುವುದು ಹೇಗೆಂದು ಗೊತ್ತಿರಲಿಲ್ಲ, ಏಕೆಂದರೆ ನಮ್ಮ ಪಟ್ಟಿಯಲ್ಲಿ ಇಲ್ಲದವರು ಎಂದೂ ಹಾಕಿರಲೇ ಇಲ್ಲ. ದಿನಾ ನಾಲ್ಕು ಪತ್ರಿಕೆ ತರಿಸಿ ಓದುತ್ತಿದ್ದ ಮನುಷ್ಯ ತನ್ನ ಮನೆಯಿಂದ ನೂರು ಹೆಜ್ಜೆಯ ಮೇಲಿದ್ದ ಗೋಡೆಯನ್ನು ಓದಿರಲಿಲ್ಲ. ಆ ಗೋಡೆಯೊಳಗೆ ತನ್ನ ಕಡಲೆ ಇದೆ ಎಂದಷ್ಟೇ ಅವನಿಗೆ ಗೊತ್ತು. ತನ್ನ ಪಡಸಾಲೆಯಲ್ಲಿ ಬರೆದದ್ದು ಊರಿನಲ್ಲಿ ನಡೆದಂತೆಯೇ ಎಂದು ಎಷ್ಟು ವರ್ಷ ನಂಬಿದ್ದನೆಂದರೆ, ಅದು ನಂಬಿಕೆ ಎಂಬುದೂ ಅವನಿಗೆ ಮರೆತಿತ್ತು.

ಹೀಗೆ ನಮ್ಮೂರಿನಲ್ಲಿ ಪಂಚಾಯತಿಗೆ ಮೊದಲ ಸಲ ಮತ ಬಿತ್ತು. ಹನಮವ್ವನಿಗೆ ಛತ್ರಿಯ ಚಿಹ್ನೆ, ಕಮಲವ್ವನಿಗೆ ಹೊಲಿಗೆ ಯಂತ್ರ. ಅಪ್ಪ ಮನೆಮನೆಗೆ ಹೋಗಲಿಲ್ಲ; ಅದು ಅವನ ಘನತೆಗೆ ಕಡಿಮೆ. ಆಳುಗಳನ್ನು ಕಳಿಸಿ ಛತ್ರಿ ಛತ್ರಿ ಎಂದು ಹೇಳಿಸಿದ. ಕಮಲವ್ವ ಮನೆಮನೆಗೆ ಹೋಗಿ ನಮ್ಮ ಹಿತ್ತಲ ಗೋಡೆಯ ಮೂಲೆ ತೋರಿಸಿ ಬಂದಳು. ಎಣಿಕೆಯ ದಿನ ಅವಳೇ ಗೆದ್ದಳು. ಮರುದಿನ ಬೆಳಗ್ಗೆ ಹನಮವ್ವ ಎಂದಿನ ಹೊತ್ತಿಗೆ ಬುಟ್ಟಿ ಹಿಡಿದು ಬಂದಳು. ಅವ್ವ ಕಟ್ಟೆಯ ಮೇಲೆ ನಿಂತಿದ್ದಳು.

“ಸೋತೆಲ್ಲಬೇ, ಹನಮವ್ವ.”

“ಹೌದ್ರಿ, ಅಕ್ಕಾರ.” ಅವಳು ಎಮ್ಮೆಯ ಬೆನ್ನು ತಟ್ಟಿ ಆಚೆ ಸರಿಸಿದಳು. ಆಮೇಲೆ ದನಿ ಇಳಿಸಿದಳು. “ಗೌಡ್ರ ಮುಂದ ಅನಬ್ಯಾಡ್ರಿ. ನಾನೂ ಕಮಲವ್ವಗ ಹಾಕೀನ್ರಿ.”

“ಹುಚ್ಚಿ! ನಿನ್ನ ಓಟು ನೀನ ಹಾಕ್ಕೋಬೇಕಿಲ್ಲ?”

“ನನಗೂ ನೀರು ಬೇಕಲ್ರಿ.”

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಪ್ಪನಿಗೆ ಕೊನೆಯವರೆಗೂ ಹೇಳಲಿಲ್ಲ. ಅಂದು ಸಂಜೆ ಕೆಳಗಿನ ನೆಲ ಸಾರಿಸಲು ಮಾತ್ರ ಮರೆಯಲಿಲ್ಲ. ಅವ್ವನನ್ನು ನಾನು ಇಲ್ಲಿ ಒಳ್ಳೆಯವಳನ್ನಾಗಿ ಮಾಡಲು ಹೊರಟಿಲ್ಲ.

ಅಪ್ಪ ಸೋಲನ್ನು ಎರಡು ದಿನದಲ್ಲಿ ಗೆಲುವಾಗಿ ತಿದ್ದಿಕೊಂಡ. ಇಂಥ ಕೆಲಸದಲ್ಲಿ ಅಪ್ಪನ ವರ್ಗದ ಮಂದಿಗೆ ಸಾಟಿಯಿಲ್ಲ. ಅಧ್ಯಕ್ಷೆಗೆ ವಾಡೆಯಲ್ಲಿ ಸನ್ಮಾನ ಎಂದು ಡಂಗುರ ಸಾರಿಸಿದ. ಪ್ರೊಫೆಸರರು ಬಂದರು, ಜೊತೆಗೆ ಇನ್ನಿಬ್ಬರು ಜುಬ್ಬಾದವರೂ ಬಂದರು. ಒಮ್ಮತದ ಹಂತ ದಾಟಿ ಈ ಊರು ಆರೋಗ್ಯಕರ ಸ್ಪರ್ಧೆಯ ಹಂತಕ್ಕೆ ಬಂದಿದೆ, ಅದಕ್ಕೆ ಅನುವು ಮಾಡಿಕೊಟ್ಟವರು ಗೌಡರು ಎಂದು ಅವರು ಭಾಷಣ ಮಾಡಿದರು. ಅಪ್ಪ ತಲೆ ತಗ್ಗಿಸಿ ಕೇಳಿದ. ಕಮಲವ್ವನನ್ನು ಮೊದಲ ಸಲ ಮೇಲಿನ ನೆಲಕ್ಕೆ ಹತ್ತಿಸಿದರು. ಶಾಲು ಹೊದಿಸುವಾಗ ಫೋಟೊ ತೆಗೆದರು. ಜಮಖಾನೆ ತೋರಿಸಿದಾಗ ಅವಳು ಕೂರಲಿಲ್ಲ. ಎರಡು ಮಾತು ಆಡಿರಿ ಎಂದು ಪ್ರೊಫೆಸರರು ಒತ್ತಾಯ ಮಾಡಿದರು. ಅವಳು ಶಾಲನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡಳು.

“ಸೋಮಾರ ಮೀಟಿಂಗ್ ಐತ್ರಿ, ಪಂಚಾಯ್ತಿ ಆಫೀಸ್ನ್ಯಾಗ. ಅಲ್ಲಿ ನಿಮ್ಮ ಕಡ್ಲಿ ಚೀಲ ಅದಾವು, ಗೌಡ್ರ. ಆಯ್ತಾರದೊಳಗ ತಗಸ್ರಿ.”

ಅದೇ ಅವಳ ಭಾಷಣ. ಪ್ರೊಫೆಸರರು ಜೋರಾಗಿ ಚಪ್ಪಾಳೆ ತಟ್ಟಿದರು. ಅವರ ಎರಡನೆಯ ಲೇಖನದಲ್ಲಿ ಶಾಲು ಇತ್ತು, ಪತ್ರಾವಳಿ ಇತ್ತು, ಕಡಲೆ ಇರಲಿಲ್ಲ. ಭಾನುವಾರ ಚೀಲಗಳು ಹೊರಬಂದವು, ಸೋಮವಾರ ಸಭೆ ಅಲ್ಲಿಯೇ ನಡೆಯಿತು, ಆ ಬೇಸಿಗೆ ಮುಗಿಯುವುದರೊಳಗೆ ಪೈಪು ನಮ್ಮ ಹಿತ್ತಲ ಮೂಲೆ ದಾಟಿತು. ಠರಾವು ಬುಕ್ಕಿನಲ್ಲಿ ನನ್ನ ಆ ಚಂದದ ಪುಟವೇ ಕೊನೆಯದು. ಮುಂದಿನವೆಲ್ಲ ಖಾಲಿ.

ಪತ್ರಿಕೆಗೆ ಸೇರಿದ ಮೇಲೆ ನನಗೆ ಡೆಸ್ಕಿನಲ್ಲಿ ಒಂದು ಹೆಸರು ಬಂತು. ಯಾವ ವರದಿಯಲ್ಲಿ ‘ಸರ್ವಾನುಮತ’ ಎಂಬ ಪದ ಕಂಡರೂ ವರದಿಗಾರನನ್ನು ಫೋನಿನಲ್ಲಿ ಹಿಡಿದು, ಯಾರು ಯಾರು ಇದ್ದರು, ಯಾರು ಬಾಯಿ ಬಿಟ್ಟರು, ಯಾರು ಸುಮ್ಮನಿದ್ದರು ಎಂದು ಕೇಳುತ್ತಿದ್ದೆ. ‘ಸ್ವಇಚ್ಛೆಯಿಂದ’ ಎಂದಿದ್ದರೆ ಹೊ‍ಡೆದುಹಾಕುತ್ತಿದ್ದೆ. ಹುಡುಗರು ನನ್ನನ್ನು ಪೊಲೀಸ್ ಅಕ್ಕ ಎನ್ನುತ್ತಿದ್ದರು. ಇದನ್ನು ನಾನು ವೃತ್ತಿನಿಷ್ಠೆ ಎಂದುಕೊಂಡಿದ್ದೆ. ಹಾಗಲ್ಲವೆಂದು ತಿಳಿದದ್ದು ಅಪ್ಪ ತೀರಿಕೊಂಡ ದಿನ. ನಮ್ಮ ತಾಲೂಕಿನ ವರದಿಗಾರ ಕಳಿಸಿದ ಸುದ್ದಿಯನ್ನು ರಾತ್ರಿ ಪಾಳಿಯವರು ನನಗೆ ಫೋನಿನಲ್ಲಿ ಓದಿ ಹೇಳಿದರು. ‘ಗ್ರಾಮದಲ್ಲಿ ಮೊಟ್ಟಮೊದಲ ಚುನಾವಣೆಗೆ ಅವಕಾಶ ಮಾಡಿಕೊಟ್ಟು, ದಲಿತ ಮಹಿಳೆಯನ್ನು ಅಧ್ಯಕ್ಷ ಸ್ಥಾನಕ್ಕೆ ತಂದ ಪ್ರಗತಿಪರ ಚಿಂತಕರು’ ಎಂದಿತ್ತು. ಸರಿ ಇದೆಯೇ ಮೇಡಂ ಎಂದರು. ಸರಿ ಇದೆ ಎಂದೆ. ಊರವರ ಮಾತು ತಿದ್ದಿದ್ದೆ, ಮಂತ್ರಿಗಳ ಮಾತು ತಿದ್ದಿದ್ದೆ. ನನ್ನ ಮನೆಯ ಪುಟ ಮಾತ್ರ ಈ ಸಲವೂ ಚಂದವಾಗಿಯೇ ಉಳಿಯಿತು.

ಹೋದ ವರ್ಷ ಅಟ್ಟದ ಸಾಮಾನು ಇಳಿಸುವಾಗ ಆ ಬುಕ್ಕು ಸಿಕ್ಕಿತು. ಅದೇ ವಾರ ಅದನ್ನು ಚೀಲಕ್ಕೆ ಹಾಕಿಕೊಂಡು ಕಮಲವ್ವನ ಮನೆಗೆ ಹೋದೆ. ಈಗ ಸಿಮೆಂಟಿನ ಮನೆ. ಅಂಗಳದಲ್ಲಿ ನಳ, ನಳದ ಕೆಳಗೆ ತುಂಬಿದ ಕೊಡ. ಅವಳು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನ ಗುರುತು ಹಿಡಿಯಲು ಅವಳಿಗೆ ಹೊತ್ತಾಗಲಿಲ್ಲ. ಪಕ್ಕದಲ್ಲಿ ಇನ್ನೊಂದು ಕುರ್ಚಿ ಖಾಲಿ ಇತ್ತು. ನಾನು ಅವಳ ಎದುರಿಗೆ ನೆಲದ ಮೇಲೆ ಕೂತೆ.

“ಅಲ್ಲ್ಯಾಕ ಕುಂತಿ ತಂಗಿ? ಕುರ್ಚಿ ಐತಲ್ಲ.”

“ಇರ್ಲಿ ಬಿಡ್ರಿ ಕಮಲವ್ವಾರ. ನಮಗ ನೆಲದ ಮ್ಯಾಲ ಕುಂತು ರೂಢಿ.”

ಅವಳು ಮತ್ತೆ ಕಾಳಿಗೆ ಕಣ್ಣು ಇಳಿಸಿದಳು. ನಾನು ಬುಕ್ಕು ತೆರೆದು ಆ ಪುಟವನ್ನು ಓದಿದೆ. ಅವಳು ಆ ಸಂಜೆ ಹೇಳಿದ ಮಾತು ನನಗೆ ನೆನಪಿದೆ ಎಂದೆ, ಅದನ್ನೂ ಹೇಳಿದೆ. ತಪ್ಪನ್ನು ಹೊಡೆದುಹಾಕಿ ಬಾಜೂಕೆ ನಿಜ ಬರೆಯುತ್ತೇನೆ, ಕೆಳಗೆ ನನ್ನ ಸಹಿ ಹಾಕುತ್ತೇನೆ, ನೀವೂ ಒಂದು ಸಹಿ ಹಾಕಿ ಎಂದೆ. ಪೆನ್ನು ತೆಗೆದು ಚಾಚಿದೆ. ಕಮಲವ್ವ ಕಾಳಿನಿಂದ ಕಣ್ಣು ಎತ್ತಿ ಪೆನ್ನನ್ನು ನೋಡಿದಳು.

“ಆವತ್ತೂ ಸಹಿ ಹಾಕು ಅಂತಿದ್ರಿ. ಇವತ್ತೂ ಸಹಿ ಹಾಕು ಅಂತ ಬಂದೀಯೇನ?”

“ಇದು ತಪ್ಪು ತಿದ್ದಾಕ್ರಿ.”

“ಯಾರ ತಪ್ಪು? ನಂದಂತೂ ಅಲ್ಲ. ಆ ಮಾಸ್ತರ ಆವತ್ತ ಹೇಳಿದ್ರಂತಲ್ಲ, ನಿಮ್ಮನಿ ಬುಕ್ಕು ಅಂತ. ನಿಮ್ಮನಿ ಬುಕ್ಕಿನ್ಯಾಗ ನನ್ನ ಮಾತ್ಯಾಕ? ನನ್ನ ಮಾತು ಪಂಚಾಯ್ತಿ ಬುಕ್ಕಿನ್ಯಾಗ ಐತಿ. ಐದು ವರ್ಷಂದು ಐತಿ. ಹೋಗಿ ಓದ್ಕೊ.”

ನಾನು ಪೆನ್ನಿನ ಮುಚ್ಚಳ ಹಾಕಿದೆ. ನನಗೆ ಬೇಕಿದ್ದುದು ಪುಟದ ತಿದ್ದುಪಡಿ ಅಲ್ಲ, ಅದರ ಕೆಳಗೆ ಅವಳ ಸಹಿ ಎಂದು ಅವಳಿಗೆ ನನಗಿಂತ ಮೊದಲೇ ಗೊತ್ತಾಗಿತ್ತು.

“ಮೊದಲ ನೆಲದ ಮ್ಯಾಲಿಂದ ಏಳು,” ಅಂದಳು ಕಮಲವ್ವ. “ನಿಮ್ಮಪ್ಪನೂ ಹಿಂಗ ಕುಂದ್ರತಿದ್ದ. ನೋಡಿ ನೋಡಿ ಸಾಕಾಗೇತಿ.”

ಎದ್ದು ಕುರ್ಚಿಯ ಮೇಲೆ ಕೂತೆ. ಅವಳು ಇನ್ನೊಂದು ಮೊರ ಎಳೆದು, ಅರ್ಧ ಕಾಳು ಅದಕ್ಕೆ ಸುರಿದು, ನನ್ನ ತೊಡೆಯ ಮೇಲೆ ಇಟ್ಟಳು.

“ಬಂದಿ ಅಂದ್ಮ್ಯಾಲ ಕಲ್ಲು ಆರಸು. ಚಹಾ ಆಗೂತನಕ.”

ಬುಕ್ಕು ಇನ್ನೂ ಕೈಯಲ್ಲಿತ್ತು. ತೊಡೆಯ ಮೇಲೆ ಜಾಗವಿರಲಿಲ್ಲ. ಬಗ್ಗಿ ಅದನ್ನು ನೆಲದ ಮೇಲೆ ಇಟ್ಟೆ.